‘ಕ್ರ್ಯಾಕ್’ಗೆ ಕನ್ನಡ ಸಿಕ್ಕಿದ್ದು ಕಿವಿಯಿಂದ: ನನ್ನ ಅನುಭವ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪತ್ತೇದಾರಿ ಕಾದಂಬರಿಯೊಂದು ಕಳೆದ ತಿಂಗಳು ಸಂಪಾದಕರ ಮೇಜಿನಿಂದ ಮರಳಿ ಬಂತು. ಇಂಗ್ಲಿಷಿನ ‘ಕ್ರ್ಯಾಕ್’ (crack) ಪದ ಇದ್ದ ಕಡೆಯಲ್ಲಿ ಒಂದೇ ಒಂದು ಕೆಂಪು ಗೆರೆ ಇರಲಿಲ್ಲ. ಮೂಲದಲ್ಲಿ ಆ ಪದ ಸುಮಾರು 40 ಸಲ ಬಂದಿತ್ತು. ನಾನು ಅದಕ್ಕೆ ಬಳಸಿದ ಕನ್ನಡ ಪದಗಳು 19 ಇರಬೇಕು, ಇಲ್ಲವೇ 20. ‘ಒಂದು ಪದಕ್ಕೆ ಇಷ್ಟೊಂದು ಪದ ಹಾಕಿದರೆ ಯಾವ ಏಜೆನ್ಸಿಯೂ ನಿಮಗೆ ಕೆಲಸ ಕೊಡುವುದಿಲ್ಲ’ ಎಂದಿದ್ದ ಗೆಳೆಯರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ನಾಲ್ಕೈದು ವರ್ಷಗಳ ಹಿಂದೆ ಪದಕ್ಕೆ 80 ಪೈಸೆಯಂತೆ ಒಂದು ಕಾದಂಬರಿ ಸಿಕ್ಕಿತ್ತು. ಹೆಚ್ಚು ಕಡಿಮೆ 60,000 ಪದ, ಅಂದರೆ 48,000 ರೂಪಾಯಿ. ಏಜೆನ್ಸಿ ಕೊಟ್ಟ ಪದಪಟ್ಟಿಯಲ್ಲಿ ‘ಕ್ರ್ಯಾಕ್’ ಎಂದರೆ ‘ಬಿರುಕು’ ಎಂದು, ಬೇರೆ ಪದ ಬಳಸದಂತೆ ಬೀಗ ಹಾಕಿಟ್ಟಿದ್ದರು. ಆ ಪಟ್ಟಿ ಯಾವುದೋ ಕಟ್ಟಡ ದುರಸ್ತಿಯ ಕೈಪಿಡಿಗಾಗಿ ತಯಾರಾದದ್ದು ಎಂಬುದು ಆಮೇಲೆ ತಿಳಿಯಿತು. ಅನುವಾದದ ತಂತ್ರಾಂಶ ಆ ಪದವನ್ನು ತಾನೇ ತುಂಬುತ್ತಾ ಹೋಯಿತು, ಗಡುವಿನ ಅವಸರದಲ್ಲಿ ನಾನು ಒಪ್ಪಿಗೆ ಒತ್ತುತ್ತಾ ಹೋದೆ. ‘ರೈಫಲ್‌ನ ಬಿರುಕು ಕಣಿವೆಯಲ್ಲಿ ಪ್ರತಿಧ್ವನಿಸಿತು’ ಎಂಬ ವಾಕ್ಯ ನನ್ನ ಹೆಸರಿನಲ್ಲಿ ಹೋಯಿತು. ನುರಿತ ಸೈನಿಕರ ತುಕಡಿ ‘ಬಿರುಕು ಪಡೆ’ಯಾಯಿತು. 14,000 ರೂಪಾಯಿ ಕಡಿತವಾಯಿತು, ಆರು ತಿಂಗಳು ಅಲ್ಲಿಂದ ಹೊಸ ಕೆಲಸವೂ ಬರಲಿಲ್ಲ.

ಆ ಬಳಿಕ ನಿಘಂಟುಗಳ ಮೇಲೆ ದುಡ್ಡು ಸುರಿದೆ. ಹಳೆಯವು, ಹೊಸವು ಸೇರಿ ಮೂರೂವರೆ ಸಾವಿರದಷ್ಟು ಹೋಗಿರಬೇಕು. ಅರ್ಥಗಳ ರಾಶಿ ಸಿಕ್ಕಿತು: ಬಿರುಕು, ಸೀಳು, ಒಡಕು, ಸಿಡಿತ, ಏಟು. ಯಾವುದನ್ನು ಎಲ್ಲಿ ಹಾಕಬೇಕು ಎಂಬುದು ಮಾತ್ರ ಸಿಗಲಿಲ್ಲ. ಮುಂದಿನ ಕೆಲಸದಲ್ಲಿ ತಿರುಗಾಮುರುಗಾ ಮಾಡಿ, ಸದ್ದಿನ ಪದಕ್ಕೆ ಸದ್ದಿನ ಪದವೇ ಇರಲಿ ಎಂದು ಎಲ್ಲ ಕಡೆ ‘ಫಟ್’ ಎಂದು ಬರೆದೆ. ಗಂಭೀರ ಸನ್ನಿವೇಶ ಮಕ್ಕಳ ಚಿತ್ರಕಥೆಯ ಹಾಗೆ ಕಂಡಿತು. ಸಂಪಾದಕರು ಮೂವತ್ತು ಪುಟ ನೋಡಿ ಇಡೀ ಕಡತವನ್ನು ವಾಪಸು ಕಳುಹಿಸಿದರು.

ದಾರಿ ಕಂಡದ್ದು ಮಡಕೆ ಕೊಳ್ಳುವಾಗ. ಬೇಸಗೆಯಲ್ಲಿ ಕುಡಿಯುವ ನೀರಿಗೆಂದು ಸಂತೆಗೆ ಹೋಗಿದ್ದೆ. ಮಾರುವ ಅಜ್ಜಿ ಬೆರಳ ಗೆಣ್ಣಿನಿಂದ ಒಂದೊಂದೇ ಮಡಕೆಯನ್ನು ತಟ್ಟಿ ತೋರಿಸುತ್ತಿದ್ದರು. ಒಂದು ‘ಠಣ್’ ಎಂದಿತು, ಇನ್ನೊಂದು ‘ಬದ್’ ಎಂದಿತು. ‘ಇದು ಬೇಡಪ್ಪ, ಒಡಕು’ ಎಂದು ಎರಡನೆಯದನ್ನು ಪಕ್ಕಕ್ಕಿಟ್ಟರು. ಕಣ್ಣಿಗೆ ಗೆರೆಯೇ ಕಾಣಿಸುತ್ತಿರಲಿಲ್ಲ. ಸದ್ದು ಬೇರೆ, ಒಡಕು ಬೇರೆ. ಕನ್ನಡ ಎರಡಕ್ಕೂ ಎರಡು ಪದ ಇಟ್ಟುಕೊಂಡಿದೆ. ನಮ್ಮ ಅನುಕರಣ ಪದಗಳು, ಅಂದರೆ ಸದ್ದನ್ನೇ ಹೋಲುವ ಪದಗಳು, ಸಾಮಾನ್ಯವಾಗಿ ‘ಎಂದು’, ‘ಅನೆ’ಗಳ ಕೈ ಹಿಡಿದೇ ನಡೆಯುತ್ತವೆ. ಫಟ್ಟನೆ ಒಡೆಯಿತು, ಚಟಚಟನೆ ಸಿಡಿಯಿತು ಎನ್ನುತ್ತೇವೆ. ಸದ್ದು ರೀತಿಯನ್ನು ಹೇಳುತ್ತದೆ, ಕ್ರಿಯಾಪದ ಆದದ್ದನ್ನು ಹೇಳುತ್ತದೆ. ಇಂಗ್ಲಿಷಿನ ‘ಕ್ರ್ಯಾಕ್’ ಸದ್ದಾಗಿ ಹುಟ್ಟಿ, ಒಡೆಯುವ ಕ್ರಿಯೆಯಾಗಿ, ಒಡೆದ ಗೆರೆಯಾಗಿ, ಗೆರೆಯ ಸಂದಿಯಾಗಿ ಒಬ್ಬನೇ ಇಡೀ ದಾರಿ ನಡೆದುಬಿಟ್ಟಿದೆ.

ಅಂದಿನಿಂದ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ಈ ‘ಕ್ರ್ಯಾಕ್’ ಸದ್ದಿನಿಂದ ಎಷ್ಟು ದೂರ ಬಂದಿದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಶೂ ಡಬ್ಬಿಯಲ್ಲಿ ಹಾಕುತ್ತೇನೆ. ಈಗ 300ರ ಹತ್ತಿರ ಚೀಟಿಗಳಿವೆ. ಸದ್ದು ಇನ್ನೂ ಕೇಳಿಸುವ ಕಡೆ ಅನುಕರಣ ಪದ ಬೇಕೇ ಬೇಕು. ಬೆರಳಿನದಾದರೆ ನೆಟಿಗೆ ಮುರಿದ. ಗಂಟಲಿನದಾದರೆ ಧ್ವನಿ ಒಡೆಯಿತು. ಇಲ್ಲಿ ಕನ್ನಡವೂ ಅದೇ ದಾರಿ ಹಿಡಿದಿರುವುದು ನನಗೆ ತುಂಬ ಖುಷಿ ಕೊಟ್ಟಿತು. ಬಾಗಿಲನ್ನು ‘ಕ್ರ್ಯಾಕ್’ ಮಾಡಿದನೆಂದರೆ ಅಲ್ಲಿ ಸದ್ದೂ ಇಲ್ಲ, ಒಡೆತವೂ ಇಲ್ಲ, ಸಂದಿ ಮಾತ್ರ: ಬಾಗಿಲು ಓರೆ ಮಾಡಿದ. ಬೆಳಗಿನ ‘ಕ್ರ್ಯಾಕ್’ ಅಂದರೆ ನಸುಕು, ಬೆಳಕು ಹರಿಯುವ ಹೊತ್ತು. ಗೂಢಲಿಪಿಯಾದರೆ ಭೇದಿಸಿದ, ಜೋಕ್ ಆದರೆ ಚಟಾಕಿ ಹಾರಿಸಿದ. ಈ ‘ಚಟಾಕಿ’ಯಲ್ಲಿ ನನ್ನ ಕಿವಿಗೆ ಸಿಡಿಯುವ ಸದ್ದೇ ಕೇಳಿಸುತ್ತದೆ, ಅದಕ್ಕೇ ಆ ಪದವನ್ನು ಬಿಟ್ಟುಕೊಡುವುದಿಲ್ಲ.

ಪೀಡಿಸಿದ್ದು ‘ನುರಿತ’ ಎಂಬ ಅರ್ಥ. ಗುರಿ ತಪ್ಪದ ಬಂದೂಕುಗಾರ, ಆಯ್ದ ಪಡೆ ಇವಕ್ಕೆಲ್ಲ ಇಂಗ್ಲಿಷಿನಲ್ಲಿ ‘ಕ್ರ್ಯಾಕ್’ ಎಂಬ ವಿಶೇಷಣ ಬರುತ್ತದೆ. ಒಡೆದದ್ದು ಶ್ರೇಷ್ಠವಾಗುವುದು ಹೇಗೆ? ಹಿಂದೆ ಇಂಗ್ಲಿಷಿನಲ್ಲಿ ಆ ಪದಕ್ಕೆ ಜಂಬದ ಮಾತು ಎಂಬ ಅರ್ಥವೂ ಇತ್ತು. ದೊಡ್ಡ ಸದ್ದು ಮಾಡುವವನೇ ಜಂಬ ಕೊಚ್ಚುವವನು, ಹೊಗಳಿಕೆಗೆ ಪಾತ್ರವಾದದ್ದೇ ಶ್ರೇಷ್ಠವಾದದ್ದು. ಇದು ತಿಳಿದ ಮೇಲೆ ‘ಹೆಸರುವಾಸಿ’, ‘ಎತ್ತಿದ ಕೈ’ ಎಂಬವು ತಾವಾಗಿ ಬಂದವು. ಈ ಎಳೆ ಹಿಡಿಯಲು ನನಗೆ ಎರಡು ವಾರ ಹಿಡಿಯಿತು. ಸಂಬಳದ ಲೆಕ್ಕದಲ್ಲಿ ಅದು ಸೊನ್ನೆ.

ಪದ್ಧತಿಗೆ ನಿಜವಾದ ಪರೀಕ್ಷೆ ಎದುರಾದದ್ದು ಈ ಸಲದ ಕಾದಂಬರಿಯಲ್ಲಿ. ಗುಂಡು ಹಾರಿಸಿದವನು ಎಷ್ಟು ದೂರದಲ್ಲಿದ್ದ ಎಂಬುದನ್ನು ಪತ್ತೇದಾರಳು ಸಾಕ್ಷಿಯ ಕಿವಿಯಿಂದಲೇ ಕಂಡುಹಿಡಿಯುತ್ತಾಳೆ. ಸಾಕ್ಷಿಗೆ ಮೊದಲು ‘ಕ್ರ್ಯಾಕ್’, ಆಮೇಲೆ ‘ಥಂಪ್’ (thump) ಕೇಳಿಸಿರುತ್ತದೆ. ನನ್ನ ಮೊದಲ ಕರಡಿನಲ್ಲಿ ಎರಡೂ ‘ಢಂ’ ಆಗಿದ್ದವು. ನೆರೆಮನೆಯ ನಿವೃತ್ತ ಸುಬೇದಾರರಿಗೆ ಓದಿ ಹೇಳಿದೆ. ಅವರು ತಲೆಯಾಡಿಸಿ, ‘ಹಾಗಲ್ಲ ಸರ್, ಮೊದಲು ಕಿವಿಯ ಪಕ್ಕದಲ್ಲೇ ಛಟ್, ಆಮೇಲೆ ದೂರದಿಂದ ಧಡ್’ ಎಂದರು. ಶಬ್ದಕ್ಕಿಂತ ವೇಗವಾಗಿ ಬರುವ ಗುಂಡು ಗಾಳಿಯನ್ನು ಸೀಳುವ ಸದ್ದು ಮೊದಲು ತಲುಪುತ್ತದೆ, ಬಂದೂಕಿನ ಬಾಯಿಯ ಸದ್ದು ಹಿಂದಿನಿಂದ ಬರುತ್ತದೆ. ನಡುವಿನ ಅಂತರವನ್ನು ಎಣಿಸಿ ದೂರವನ್ನು ಅಂದಾಜು ಮಾಡುತ್ತಾರಂತೆ. ಚಾಟಿ ಬೀಸಿದಾಗ ತುದಿಯಲ್ಲಿ ಹುಟ್ಟುವ ‘ಛಟೀರ್’ ಸಹ ಇದೇ ಜಾತಿಯದು, ಆ ತುದಿಯೂ ಶಬ್ದದ ವೇಗವನ್ನು ಮೀರುತ್ತದೆ. ‘ಛಟೀರ್’, ‘ಧಡ್’ ಎಂದು ತಿದ್ದಿದೆ. ಹಾಗೆ ಮಾಡದಿದ್ದರೆ ಕಥೆಯ ಗಂಟೇ ಬಿಚ್ಚುತ್ತಿರಲಿಲ್ಲ.

ತಿದ್ದಿದ್ದೆಲ್ಲವನ್ನೂ ಅಮ್ಮನಿಗೆ ಗಟ್ಟಿಯಾಗಿ ಓದುತ್ತೇನೆ. ಹಿಂದೆ ‘ಬಿರುಕು’ ವಾಕ್ಯ ಓದಿದಾಗ ಅವರು ‘ಬಂದೂಕೇ ಒಡೆದುಹೋಯಿತೇನೋ?’ ಎಂದು ಕೇಳಿದ್ದರು. ಈ ಸಲ ‘ಛಟೀರ್’ ಬಂದಾಗ ಬಿಡಿಸುತ್ತಿದ್ದ ಅವರೆಕಾಯಿಯನ್ನು ಹಾಗೇ ಹಿಡಿದು ಕುಳಿತರು.

ನಡುವೆ ‘ಪಾಪ್’ ಪದದ ಮೇಲೂ ಇದೇ ಪ್ರಯೋಗ ಮಾಡಿದೆ. ಪಾಪ್‌ಕಾರ್ನ್ ಸುಲಭ. ಸೋಡಾಕ್ಕೆ ‘ಪಾಪ್’ ಎನ್ನುವುದೂ ಬಿರಡೆ ತೆಗೆಯುವ ಸದ್ದಿನಿಂದಲೇ. ಕವಿ ರಾಬರ್ಟ್ ಸೌದಿ 1812ರಲ್ಲೇ ಒಂದು ಪತ್ರದಲ್ಲಿ ಆ ಕಾರಣ ಬರೆದಿದ್ದಾನೆ. ಆದರೆ ಪಾಪ್ ಸಂಗೀತದ ‘ಪಾಪ್’ ಜನಪ್ರಿಯ ಎಂಬ ಅರ್ಥದ ‘ಪಾಪ್ಯುಲರ್’ನ ತುಂಡು, ಅಲ್ಲಿ ಕಿವಿಯನ್ನು ನಂಬಿದರೆ ಮೋಸ. ಆದ್ದರಿಂದ ಚೀಟಿ ಬರೆಯುವ ಮೊದಲು ಹುಟ್ಟನ್ನು ಒಮ್ಮೆ ನೋಡಿಕೊಳ್ಳಿ. ಸದ್ದು ವಸ್ತುವಿನ ಹೆಸರಾಗುವುದು ಕನ್ನಡದಲ್ಲಿಯೂ ಇಲ್ಲದಿಲ್ಲ. ಉತ್ತರ ಕರ್ನಾಟಕದಲ್ಲಿ ಮೋಟಾರ್ ಸೈಕಲ್ಲೇ ಫಟಫಟಿ, ಮೂರು ಚಕ್ರದ ಗಾಡಿ ಟಂಟಂ. ಪತ್ರಿಕೆಗಳು ‘ಫೋಟೊ ಕ್ಲಿಕ್ಕಿಸಿದರು’ ಎಂದು ಇಂಗ್ಲಿಷ್ ಸದ್ದಿಗೆ ನಮ್ಮ ‘ಇಸು’ ಪ್ರತ್ಯಯ ಹಚ್ಚಿ ಎಂದೋ ದುಡಿಸಿಕೊಂಡಿವೆ.

ಏಜೆನ್ಸಿಯ ಪದಪಟ್ಟಿಯ ಬೀಗವನ್ನು ಮುರಿಯದೆಯೇ 20 ಪದಗಳನ್ನು ದಾಟಿಸಿದ್ದು ಹೇಗೆ ಎಂದು ಕೆಲವರು ಕೇಳಿದ್ದಾರೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಕಡತದ ಜೊತೆ ಅರ್ಧ ಪುಟದ ಟಿಪ್ಪಣಿ ಕಳುಹಿಸುತ್ತೇನೆ ಎಂಬಷ್ಟು ಹೇಳಬಲ್ಲೆ. ಈಗ ಪದಕ್ಕೆ 1 ರೂಪಾಯಿ 10 ಪೈಸೆ ಸಿಗುತ್ತಿದೆ, ಡಬ್ಬಿಗಾಗಿ ಕಳೆದ ದಿನಗಳ ಕೂಲಿ ಬಹುಪಾಲು ಮರಳಿದೆ. ಎರಡನೆಯ ಶೂ ಡಬ್ಬಿಯ ಮೇಲೆ ‘ಸ್ನ್ಯಾಪ್’ ಎಂದು ಬರೆದಿದ್ದೇನೆ. ಅದರಲ್ಲಿ ನಿನ್ನೆಗೆ ಹನ್ನೊಂದು ಚೀಟಿ ಬಿದ್ದಿವೆ.