ಮಣ್ಣು ಒದ್ದೆ, ಆದರೂ ಮರ ಬಾಡುತ್ತಿತ್ತು

ನಮ್ಮ ರಸ್ತೆಯ ಬದಿಯಲ್ಲಿ ನಾವೇ ನೆಟ್ಟ ಮರಗಳಿವೆ, ಐದು ಹೊಂಗೆ ಮತ್ತು ಎರಡು ಮಾವು. ಬೇಸಿಗೆಯಲ್ಲಿ ದಿನಾ ಸಂಜೆ ಒಂದೊಂದಕ್ಕೂ ಒಂದು ಬಕೆಟ್ ನೀರು ಹಾಕುತ್ತಿದ್ದೆ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಸುಮ್ನೆ ಚರಂಡಿ ಸೇರುತ್ತಿತ್ತಲ್ಲ, ಅದನ್ನೇ ಹಿಡಿದಿಟ್ಟು ಹಾಕುತ್ತಿದ್ದೆ. ಸ್ವಲ್ಪ ದಿನಕ್ಕೆ ಮಾವಿನ ಹಳೆಯ ಎಲೆಗಳ ತುದಿ ಕಂದಾಯಿತು. ಆಮೇಲೆ ಅಂಚೆಲ್ಲ ಸುಟ್ಟ ಹಾಗೆ ಒಣಗಿತು. ನೀರು ಸಾಲದೇನೋ ಎಂದು ಎರಡು ಬಕೆಟ್ ಹಾಕಿದೆ. ಎಲೆ ಉದುರುವುದು ಇನ್ನೂ ಜಾಸ್ತಿಯಾಯಿತು.

ಬುಡ ಕೆದಕಿ ನೋಡಿದರೆ ಮಣ್ಣು ಒದ್ದೆ! ಮೇಲೆ ಮಾತ್ರ ಬಿಳಿ ಪೊರೆ. ಆಗ ಅರ್ಥವಾಯಿತು, ಅದು ಉಪ್ಪು. ಯಂತ್ರ ತೆಗೆದ ಲವಣವೆಲ್ಲ ಇರುವುದು ಆ ನೀರಿನಲ್ಲೇ ಅಲ್ವಾ? ಮಣ್ಣಿನಲ್ಲಿ ಉಪ್ಪು ಹೆಚ್ಚಿದರೆ ನೀರಿದ್ದರೂ ಬೇರಿಗೆ ಎಳೆದುಕೊಳ್ಳುವುದು ಕಷ್ಟ. ಮರದ ಪಾಲಿಗೆ ಅದೂ ಬರವೇ. ಒಳಗೆ ಹೋದಷ್ಟು ಉಪ್ಪು ಎಲೆಯ ಅಂಚಿಗೆ ಸೇರಿ ಸುಡುತ್ತದೆ. ದಿನಾ ಹಾಕುತ್ತಿದ್ದ ಬಕೆಟ್ ನೀರು ಆಳಕ್ಕೆ ಇಳಿಯುತ್ತಲೂ ಇರಲಿಲ್ಲ. ಬಿಸಿಲಿಗೆ ಆರಿ, ಉಪ್ಪನ್ನು ಮೇಲೆಯೇ ಬಿಟ್ಟು ಹೋಗುತ್ತಿತ್ತು.

ಆ ನೀರನ್ನು ಅಂದೇ ನಿಲ್ಲಿಸಿದೆ. ಬುಡದ ಸುತ್ತಲಿನ ಕಲ್ಲುಹಾಸು ತೆಗೆಸಿ, ಕಾಂಡದಿಂದ ದೂರಕ್ಕೆ ಅಗಲವಾದ ಪಾತಿ ಮಾಡಿದೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಅಲ್ಲೇ. ಈಗ ದಿನಾ ಹಾಕುವುದಿಲ್ಲ. ಎಂಟು ಹತ್ತು ದಿನಕ್ಕೊಮ್ಮೆ, ಸಣ್ಣ ಧಾರೆಯಲ್ಲಿ ಗಂಟೆಗಟ್ಟಲೆ ಸಿಹಿನೀರು ಬಿಡುತ್ತೇನೆ. ನೀರು ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಲು ಕಬ್ಬಿಣದ ಸಲಾಕೆ ಚುಚ್ಚುತ್ತೇನೆ, ಸಲೀಸಾಗಿ ಒಂದೂವರೆ ಅಡಿ ಇಳಿದರೆ ಸಾಕು. ಉಪ್ಪು ತೊಳೆಯಲು ಇನ್ನೂ ಜಾಸ್ತಿ ನೀರು ಬೇಕು. ಒಂದು ಅಡಿ ಮಣ್ಣನ್ನು ದಾಟಿ 6 ಇಂಚು ನೀರು ಕೆಳಗಿಳಿದರೆ ಅದರಲ್ಲಿನ ಉಪ್ಪು ಸುಮಾರು ಅರ್ಧ ಕಡಿಮೆಯಾಗುತ್ತದೆ. ಅಷ್ಟು ನೀರು ಬೇಸಿಗೆಯಲ್ಲಿ ಎಲ್ಲಿಂದ ತರುವುದು? ಅದಕ್ಕೇ ಚಾವಣಿಯ ಮಳೆನೀರಿನ ಪೈಪನ್ನು ಪಾತಿಗೆ ತಿರುಗಿಸಿದೆ. ನಾನು ಮಾಡಿದ್ದರಲ್ಲಿ ಹೆಚ್ಚು ಫಲ ಕೊಟ್ಟಿದ್ದು ಇದೇ.

ಒಂದು ಪಾತಿಯಲ್ಲಿ ಮಣ್ಣು ಗಟ್ಟಿಯಾಗಿ ನೀರು ನಿಲ್ಲುತ್ತಿತ್ತು. ಅದು ಉಪ್ಪಿನಲ್ಲಿರುವ ಸೋಡಿಯಂ ಕೆಲಸ. ಅಲ್ಲಿಗೆ ಮಾತ್ರ, ಮಣ್ಣಿಗಂಟಿದ ಸೋಡಿಯಂ ಬಿಡಿಸುವ ಜಿಪ್ಸಂ ಎಂಬ ಖನಿಜದ ಪುಡಿ ಬೆರೆಸಿ ನೀರು ಬಿಟ್ಟೆ. ನೀರು ಕೆಳಗೆ ಬಸಿದು ಹೋಗದಿದ್ದರೆ ಜಿಪ್ಸಂ ಹಾಕಿಯೂ ಪ್ರಯೋಜನವಿಲ್ಲ. ಎಲ್ಲ ಪಾತಿಗೂ ಮೂರು ಇಂಚು ತರಗೆಲೆ ಹೊದಿಸಿದೆ, ಕಾಂಡಕ್ಕೆ ತಾಗದ ಹಾಗೆ. ರಾಸಾಯನಿಕ ಗೊಬ್ಬರ ಹಾಕಲಿಲ್ಲ, ಅದೂ ಉಪ್ಪೇ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರನ್ನು ನೋಡಬೇಕು. ಮಳೆ ಮುಗಿಯುವ ಹೊತ್ತಿಗೆ ಒಂದು ಮಾವಿನ ಚಿಗುರು ಅಂಚಿನವರೆಗೂ ಚೆನ್ನಾಗಿತ್ತು. ಇನ್ನೊಂದು ಉಳಿಯಲಿಲ್ಲ, ಅದರ ನೋವು ಈಗಲೂ ಇದೆ. ಐದು ಹೊಂಗೆಗಳು ಮಾತ್ರ ಇದನ್ನೆಲ್ಲ ತಡೆದುಕೊಂಡವು. ಆ ಮಾವಿನ ಜಾಗದಲ್ಲಿ ಈಗ ಆರನೆಯ ಹೊಂಗೆ ನೆಟ್ಟಿದ್ದೇವೆ.