ಅಂಟು ಬಿಡಿಸುವ ಮುಂಚೆ ಅದು ಕೂತ ಜಾಗ ನೋಡಿ

ಸ್ಟಿಕ್ಕರ್ ಕಿತ್ತ ಮೇಲೆ ಉಳಿಯುವ ಅಂಟಿಗೆ ಏನು ಹಚ್ಚಬೇಕು ಅಂತ ಅಕ್ಕಪಕ್ಕದವರು ನನ್ನನ್ನು ಆಗಾಗ ಕೇಳುತ್ತಾರೆ. ಅಂಟು ಯಾವುದರ ಮೇಲಿದೆ ಅಂತ ನಾನು ಮೊದಲು ಕೇಳುತ್ತೇನೆ. ಗಾಜಾ, ಮರವಾ, ಕಲ್ಲಾ? ಅಂಟು ಬಿಡಿಸುವ ಸಾಮಾನು ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ. ಆದರೆ ಅದು ಅಂಟಿನ ಜೊತೆ ಕೆಳಗಿರುವ ಬಣ್ಣ, ಪಾಲಿಷ್, ಹೊಳಪನ್ನೂ ಎಬ್ಬಿಸಿಬಿಡಬಹುದು. ಅಂಟು ಹೋಗದಿದ್ದರೆ ನಾಳೆ ನೋಡಿಕೊಳ್ಳಬಹುದು. ಪಾಲಿಷ್ ಹೋದರೆ ಆಳು ಕರೆಸಬೇಕು, ದುಡ್ಡು ಕೊಡಬೇಕು, ಆದರೂ ಮೊದಲಿನ ಬಣ್ಣಕ್ಕೆ ಸರಿಯಾಗಿ ಕೂಡುವುದಿಲ್ಲ.

ನಾವಿರುವುದು ಮೈಸೂರಿನ ಚಾಮರಾಜಪುರಂನ ಹಳೇ ಮನೆಯಲ್ಲಿ. ರೆಡ್ ಆಕ್ಸೈಡ್ ನೆಲ, ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ತೇಗದ ಬಾಗಿಲಿನ ಗೋಡೆ ಬೀರು. ನಮಗಿಂತ ಮುಂಚೆ ಇದ್ದವರು ಅಲ್ಲಲ್ಲಿ ಏನೇನೋ ಅಂಟಿಸಿದ್ದರು. ಕಟ್ಟೆಯ ಮೇಲೆ ಹೊಳೆಯುವ ಶೀಟು, ಬೀರಿನ ಬಾಗಿಲಿಗೆ ಮಕ್ಕಳ ಸ್ಟಿಕ್ಕರು, ಮ್ಯಾಟ್ ಜಾರದ ಹಾಗೆ ನೆಲಕ್ಕೆ ಡಬಲ್ ಸೈಡ್ ಟೇಪು, ಕಿಟಕಿ ಗಾಜಿನ ಅಂಚಿಗೆ ಪೇಂಟರ್ ಬಿಟ್ಟುಹೋದ ಕಾಗದದ ಟೇಪು. ಎಲ್ಲವನ್ನೂ ಕಿತ್ತಾಯಿತು. ಅಂಟು ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ಧೂಳು ಕೂತು ಕಪ್ಪಗಾಯಿತು. ಒಂದೊಂದೇ ಜಾಗ ಹಿಡಿದು ಬಿಡಿಸುತ್ತಾ ನಾನು ಕಲಿತದ್ದು ಇದು.

ಹಲಸಿನ ಹಣ್ಣು ಬಿಡಿಸುವವರಿಗೆ ಇದರ ಗುಟ್ಟು ಮೊದಲೇ ಗೊತ್ತು. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡೇ ಕೂರುತ್ತೇವೆ. ಸೋಪು ನೀರಲ್ಲಿ ಎಷ್ಟು ತಿಕ್ಕಿದರೂ ಹೋಗದ ಹಲಸಿನ ಮೇಣ ಎಣ್ಣೆ ಬಿದ್ದರೆ ಸಡಿಲವಾಗುತ್ತದೆ. ಟೇಪು, ಸ್ಟಿಕ್ಕರುಗಳ ಅಂಟೂ ಬಹುಪಾಲು ರಬ್ಬರಿನ ಜಾತಿಯದು, ಇಲ್ಲವೇ ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ ಜಾತಿಯದು. ನೀರು ಅದರೊಳಗೆ ಇಳಿಯುವುದಿಲ್ಲ. ಎಣ್ಣೆ ಇಳಿಯುತ್ತದೆ, ಆದರೆ ನಿಧಾನವಾಗಿ. ಅಲ್ಲೇ ನಾವು ಆತುರ ಪಡುವುದು. ಎಣ್ಣೆ ಹಚ್ಚಿದ ತಕ್ಷಣ ಉಜ್ಜಲು ಶುರುಮಾಡಿದರೆ ಅಂಟು ಅತ್ತಿಂದಿತ್ತ ಹರಡುತ್ತದೆ, ಅಷ್ಟೇ. ನಾನು ಹತ್ತಿಗೆ ಎಣ್ಣೆ ಅದ್ದಿ ಅಂಟಿನ ಮೇಲೆ ಹಾಸುತ್ತೇನೆ. ಅದರ ಮೇಲೊಂದು ಪ್ಲಾಸ್ಟಿಕ್ ತುಂಡು ಮುಚ್ಚಿ ಅರ್ಧ ಗಂಟೆ ಬಿಟ್ಟುಬಿಡುತ್ತೇನೆ. ದಪ್ಪ ಅಂಟಾದರೆ ರಾತ್ರಿಯಿಡೀ. ಅಂಟು ನೆನೆದಿದೆಯೋ ಇಲ್ಲವೋ ಅಂತ ನೋಡಲು ಅಂಚಿನಲ್ಲಿ ಹೆಬ್ಬೆರಳಿಂದ ಮೆಲ್ಲಗೆ ತಳ್ಳಿ ನೋಡಬೇಕು. ನೆನೆದಿದ್ದರೆ ಬೆರಳಿಗೆ ಹತ್ತುವುದಿಲ್ಲ, ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ. ಆಗ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಹೊರಗಿಂದ ಒಳಕ್ಕೆ ಕೆರೆಯುತ್ತಾ ಹೋದರಾಯಿತು. ಇನ್ನೂ ಎಳೆ ಎಳೆಯಾಗಿ ಜಗ್ಗುತ್ತಿದ್ದರೆ ಮತ್ತಷ್ಟು ಹೊತ್ತು ಬಿಡಿ.

ಕಟ್ಟೆಯ ಮೇಲಿನ ಶೀಟಿನ ಅಂಟು ಹೋಗಿದ್ದು ಹೀಗೆಯೇ. ಕಲ್ಲಿನ ವಿಷಯದಲ್ಲಿ ನಾನು ತುಂಬ ಜೋರಾಗಿ ಹೇಳುವ ಮಾತೊಂದಿದೆ. ನಿಂಬೆಹಣ್ಣು, ವಿನಿಗರ್ ಎರಡನ್ನೂ ಕಡಪ ಕಲ್ಲಿನ ಹತ್ತಿರ ತರಬೇಡಿ. ಯಾವ ಕಲೆ ಅಂದರೂ ನಿಂಬೆರಸ ಹಚ್ಚಿ ಅನ್ನುವವರು ಬಹಳ ಜನ ಇದ್ದಾರೆ, ಅಲ್ವಾ? ಕಡಪ ಅಂದರೆ ಸುಣ್ಣಕಲ್ಲು. ಹುಳಿ ಬಿದ್ದ ಕಡೆ ಕಲ್ಲೇ ಕರಗಿ ಹೊಳಪು ಹೋಗುತ್ತದೆ, ಬೆಳ್ಳಗೆ ಒರಟಾದ ಗುರುತು ಬೀಳುತ್ತದೆ. ಅದು ಕಲೆಯಲ್ಲ, ಹಾಗಾಗಿ ತೊಳೆದರೆ ಹೋಗುವುದೂ ಇಲ್ಲ. ಅಮೃತಶಿಲೆಗೂ ಇದೇ ಕಥೆ. ರೆಡ್ ಆಕ್ಸೈಡ್ ನೆಲವೂ ಸಿಮೆಂಟಿನದೇ, ಅದಕ್ಕೂ ಹುಳಿ ಆಗುವುದಿಲ್ಲ. ಕೊಬ್ಬರಿ ಎಣ್ಣೆ ಈ ನೆಲಕ್ಕೆ ಹೊಸದಲ್ಲ. ಹೊಳಪು ಬರಲಿ ಅಂತ ಹಿಂದಿನವರು ಎಣ್ಣೆ ಹಾಕಿಯೇ ಒರೆಸುತ್ತಿದ್ದರು. ಆದರೆ ಅಂಟು ತೆಗೆದಾದ ಮೇಲೆ ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಿನಿಂದ ಚೆನ್ನಾಗಿ ಒರೆಸಿ. ಎಣ್ಣೆ ಉಳಿದ ಕಡೆ ವಯಸ್ಸಾದವರು ಕಾಲಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಪಾಲಿಷ್ ಮಾಡದ ಒರಟು ಕಲ್ಲಿನ ಮೆಟ್ಟಿಲಿಗೆ ಮಾತ್ರ ಎಣ್ಣೆ ಬೇಡ. ಕಲ್ಲು ಹೀರಿಕೊಂಡು ಕಪ್ಪಾಗುತ್ತದೆ. ಅಲ್ಲಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್ ವಾಸಿ.

ಸ್ಪಿರಿಟ್ ಅಂದರೆ ನನಗೆ ಇಷ್ಟ. ಬೇಗ ಕೆಲಸ ಮಾಡುತ್ತದೆ, ಬೇಗ ಆರುತ್ತದೆ, ಜಿಡ್ಡು ಬಿಡುವುದಿಲ್ಲ. ಗಾಜು, ಸ್ಟೀಲು, ಟೈಲ್ಸು, ಸನ್‌ಮೈಕಾ ಎಲ್ಲಕ್ಕೂ ಸರಿ. ಬೀರಿನ ಬಾಗಿಲಿಗೂ ಅದನ್ನೇ ತರಿಸಿಟ್ಟಿದ್ದೆ. ಅಷ್ಟರಲ್ಲಿ ಕಿಟಕಿ ಕೀಲು ಸರಿಮಾಡಲು ಬಂದಿದ್ದ ವಯಸ್ಸಾದ ಮರಗೆಲಸದವರು ಬಾಟ್ಲಿ ನೋಡಿ ತಡೆದರು. "ಅಮ್ಮಾ, ಅದನ್ನ ಮಾತ್ರ ಮುಟ್ಟಿಸ್ಬೇಡಿ. ಈ ಪಾಲಿಷ್ ಹಾಕಿರೋದೇ ಸ್ಪಿರಿಟ್ಟಲ್ಲಿ ಕರಗಿಸಿ" ಅಂದರು. ಹಳೇ ಮರದ ಸಾಮಾನಿಗೆ ಹಾಕುವ ಫ್ರೆಂಚ್ ಪಾಲಿಷ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಸ್ಪಿರಿಟ್ ಆರಿಹೋಗಿ ಅರಗಿನ ತೆಳು ಪದರ ಮರದ ಮೇಲೆ ಉಳಿಯುತ್ತದೆ. ಮತ್ತೆ ಸ್ಪಿರಿಟ್ ತಾಗಿದರೆ ಆ ಪದರ ಮತ್ತೆ ಕರಗುತ್ತದೆ. ಸ್ಯಾನಿಟೈಸರ್‌ನಲ್ಲಿ ಇರುವುದೂ ಆಲ್ಕೋಹಾಲೇ, ಹಾಗಾಗಿ ಅದೂ ಬೇಡ.

ಮೈಸೂರಿನವರಿಗೆ ಅರಗು ಗೊತ್ತಿಲ್ಲದ್ದೇನಲ್ಲ. ಇವತ್ತು ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ಮಾಡುವ ಇಲ್ಲಿನ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾಗಿದ್ದೇ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಶಾಯಿ ಬಂದದ್ದು ಆಮೇಲೆ, 1962ರ ಚುನಾವಣೆಗೆ.

ಬೀರಿಗೆ ಕೊನೆಗೆ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದೆ. ಅಡುಗೆ ಎಣ್ಣೆಗಳಿಗೆ ಅರಗು ಕರಗುವುದಿಲ್ಲ. ಎಣ್ಣೆ ಸೋರುವಷ್ಟು ಹಾಕದೆ, ಹತ್ತಿಯನ್ನು ಹಿಂಡಿ ಇಟ್ಟೆ. ಕಾರ್ಡ್ ಕೂಡ ಬಳಸಲಿಲ್ಲ. ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಮರದ ಎಳೆಯ ದಿಕ್ಕಿನಲ್ಲೇ ಒರೆಸುತ್ತಾ ಹೋದೆ. ನಿಧಾನವಾಯಿತು, ಆದರೆ ಪಾಲಿಷ್ ಹಾಗೇ ಉಳಿಯಿತು. ಸ್ಟಿಕ್ಕರ್ ಇದ್ದ ಜಾಗ ಮಾತ್ರ ಸುತ್ತಲಿನದಕ್ಕಿಂತ ಕೊಂಚ ಬೇರೆ ಬಣ್ಣದಲ್ಲಿದೆ. ಅದು ಅಂಟಿನ ಕಲೆಯಲ್ಲ. ಉಳಿದ ಮರ ಬೆಳಕಿಗೆ ಬಣ್ಣ ತಿರುಗಿದೆ, ಸ್ಟಿಕ್ಕರ್ ಅಡಿಯದು ತಿರುಗಿಲ್ಲ. ಅದನ್ನು ತಿಕ್ಕಲು ಹೋಗಬಾರದು.

ಇದೇ ಅರಗು ನಮ್ಮ ಬೊಂಬೆಗಳ ಮೇಲೂ ಇದೆ. ದಸರಾಕ್ಕೆ ಬೊಂಬೆ ಕೂರಿಸುವ ಮನೆಗಳಲ್ಲಿ ಚನ್ನಪಟ್ಟಣದ ಬೊಂಬೆ ಇರದಿರುವುದು ಕಡಿಮೆ. ಮರವನ್ನು ತಿರುಗಣೆಗೆ ಹಾಕಿ, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂತುಕೊಳ್ಳುತ್ತದೆ. ಹೀಗಾಗಿ ಬೊಂಬೆಯ ತಳದಲ್ಲಿ ಬೆಲೆ ಚೀಟಿಯ ಅಂಟಿದ್ದರೆ ಸ್ಪಿರಿಟ್ಟೂ ಬೇಡ, ನೈಲ್ ಪಾಲಿಷ್ ರಿಮೂವರ್ರೂ ಬೇಡ, ಹೇರ್ ಡ್ರೈಯರ್ ಬಿಸಿಯೂ ಬೇಡ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿ, ಅಂಟಿನ ಮೇಲಷ್ಟೇ ಹಚ್ಚಿ, ನೆನೆದ ಮೇಲೆ ಒಣಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಬಣ್ಣ ಬಳಿದ ಮಣ್ಣಿನ ಬೊಂಬೆಗೆ ಅದೂ ಬೇಡ. ಮಣ್ಣು ಎಣ್ಣೆ ಕುಡಿಯುತ್ತದೆ. ತಳದಲ್ಲಿ ತಾನೆ, ಅಂಟಿದ್ದರೆ ಇರಲಿ ಬಿಡಿ.

ಕಿಟಕಿ ಗಾಜಿನದು ಬೇರೆಯೇ ತೊಂದರೆ. ಪೇಂಟರುಗಳು ಅಂಟಿಸುವ ಆ ಕಾಗದದ ಟೇಪನ್ನು 1925ರಲ್ಲಿ ಅಮೆರಿಕದ ರಿಚರ್ಡ್ ಡ್ರೂ ಮಾಡಿದ್ದು ಕಾರಿಗೆ ಬಣ್ಣ ಹೊಡೆಯುವವರಿಗಾಗಿ. ಬಣ್ಣ ಹೊಡೆದಾದ ಮೇಲೆ ಕಿತ್ತುಬಿಡಬೇಕಾದ ಟೇಪು ಅದು. ಬಿಸಿಲು ಬೀಳುವ ಕಿಟಕಿಯಲ್ಲಿ ಹಾಗೇ ಬಿಟ್ಟರೆ ಅಂಟು ಹಳದಿಯಾಗಿ, ಗಟ್ಟಿಯಾಗಿ, ಕಾಗದದ ಸಮೇತ ಗಾಜಿಗೆ ಕಚ್ಚಿಕೊಳ್ಳುತ್ತದೆ. ಅದು ಜಿಗುಟೂ ಇರುವುದಿಲ್ಲ, ಎಣ್ಣೆಗೂ ಸುಲಭಕ್ಕೆ ಬಗ್ಗುವುದಿಲ್ಲ. ಇಲ್ಲಿ ಬ್ಲೇಡೇ ಗತಿ. ಗಾಜಿನ ಮೇಲೆ ಸೋಪುನೀರು ಧಾರಾಳವಾಗಿ ಹಾಕಿ, ಹಿಡಿ ಇರುವ ಬ್ಲೇಡನ್ನು ಗಾಜಿಗೆ ಸಾಕಷ್ಟು ಒರಗಿಸಿ ಹಿಡಿದು, ಮುಂದಕ್ಕೆ ಮಾತ್ರ ತಳ್ಳಬೇಕು. ಹಿಂದೆ ಮುಂದೆ ಎಳೆದಾಡಿದರೆ ಬ್ಲೇಡಿನಡಿ ಸಿಕ್ಕ ಮರಳಿನ ಕಣ ಗಾಜಿಗೆ ಗೀರು ಹಾಕುತ್ತದೆ. ಒಣಗುತ್ತಾ ಬಂದರೆ ಮತ್ತೆ ನೀರು ಹಾಕಿ. ಆಮೇಲೆ ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿದರೆ ಗಾಜು ಥಳಥಳ ಅನ್ನುತ್ತದೆ. ಟಿವಿ, ಮೊಬೈಲು, ಪ್ಲಾಸ್ಟಿಕ್ಕಿನ ಹಾಳೆಗಳಿಗೆ ಈ ಬ್ಲೇಡಿನ ಸಹವಾಸ ಬೇಡ.

ಸ್ಟೀಲ್ ತಟ್ಟೆಯ ನಟ್ಟನಡುವೆ ಅಂಗಡಿಯವರು ಅಂಟಿಸುವ ಚೀಟಿಗೆ ಬಿಸಿಯೇ ಮದ್ದು. ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಚೀಟಿಯ ಹಿಂಬದಿಯನ್ನು ಸಣ್ಣ ಉರಿಗೆ ಸ್ವಲ್ಪವೇ ಹೊತ್ತು ತೋರಿಸಿ, ಒಂದು ಮೂಲೆಯಿಂದ ಎಳೆದರೆ ಅಂಟಿನ ಸಮೇತ ಬರುತ್ತದೆ. ಜಾಸ್ತಿ ಕಾಯಿಸಿದರೆ ಅಂಟು ಸುಟ್ಟು ಕಂದು ಕಲೆಯಾಗುತ್ತದೆ. ನಾನ್‌ಸ್ಟಿಕ್ ಪಾತ್ರೆ, ಫ್ಲಾಸ್ಕುಗಳಿಗೆ ಈ ಉಪಾಯ ಬೇಡ, ಎಣ್ಣೆ ಸಾಕು.

ಉಪ್ಪಿನಕಾಯಿಗೆ ಅಂತ ಎತ್ತಿಡುವ ಗಾಜಿನ ಬಾಟ್ಲಿಗಳಲ್ಲಿ ಎರಡು ಥರ ಚೀಟಿ ಇರುತ್ತವೆ. ಕಾಗದದ್ದು ಎಷ್ಟೋ ಸಲ ನೀರಿಗೆ ಬಿಡುವ ಗೋಂದಿನದು, ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ತಾನೇ ಕಳಚಿರುತ್ತದೆ. ಪ್ಲಾಸ್ಟಿಕ್ಕಿನದಾದರೆ ಬಾಟ್ಲಿಯೊಳಗೆ ಮೊದಲು ಬೆಚ್ಚಗಿನ ನೀರು, ಆಮೇಲೆ ಬಿಸಿನೀರು ತುಂಬಿ, ಚೀಟಿ ಬಿಸಿಯಾದಾಗ ನಿಧಾನಕ್ಕೆ ಎಳೆಯಬೇಕು. ಒಮ್ಮೆಗೇ ಕುದಿಯುವ ನೀರು ಸುರಿದರೆ ಗಾಜು ಸೀಳುತ್ತದೆ. ಉಳಿದ ಜಿಗುಟಿಗೆ ಅಡುಗೆ ಸೋಡಾ, ಕೊಬ್ಬರಿ ಎಣ್ಣೆ ಸಮಸಮ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ ತೊಳೆಯಿರಿ. ಊಟಿಗೆ ಹೋದವರು ನೆಗಡಿಗೆ ಅಂತ ತಂದಿಡುವ ನೀಲಗಿರಿ ಎಣ್ಣೆ ಇದಕ್ಕಿಂತ ಚುರುಕು. ಆದರೆ ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಮಕ್ಕಳು ಕುಡಿದರೆ ವಿಷ. ಒಲೆ ಆರಿಸಿಯೇ ಬಳಸಿ, ಎತ್ತರದಲ್ಲಿಡಿ. ಪೆಟ್ರೋಲು, ಥಿನ್ನರ್ರನ್ನು ನಾನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ನೈಲ್ ಪಾಲಿಷ್ ರಿಮೂವರ್‌ನಲ್ಲಿರುವ ಅಸಿಟೋನ್ ಹಲವು ಥರದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸ್ವಿಚ್ ಬೋರ್ಡು, ಮಿಕ್ಸಿ, ಫ್ರಿಜ್ಜಿನ ಬಾಗಿಲಿಗೆ ತಾಗಿಸಬೇಡಿ. ಅಲ್ಲಿಗೂ ಎಣ್ಣೆಯೇ ಸರಿ. ಸ್ವಿಚ್ ಬೋರ್ಡಿಗಾದರೆ ಮೇನ್ ಆಫ್ ಮಾಡಿಕೊಂಡು, ಹಿಂಡಿದ ಬಟ್ಟೆಯಲ್ಲಿ ಮೇಲಷ್ಟೇ ಒರೆಸಿ.

ಡಿಸ್ಟೆಂಪರ್ ಗೋಡೆಗೆ ಮಾತ್ರ ಎಣ್ಣೆ ಬೇಡವೇ ಬೇಡ. ಎಣ್ಣೆ ಇಳಿದ ಜಾಗದಲ್ಲಿ ಮುಂದೆ ಬಣ್ಣ ನಿಲ್ಲುವುದಿಲ್ಲ. ಹೇರ್ ಡ್ರೈಯರ್‌ನಿಂದ ಟೇಪನ್ನು ಬೆಚ್ಚಗೆ ಮಾಡಿ, ಗೋಡೆಗೆ ಒರಗಿಸಿಕೊಂಡೇ ಹಿಂದಕ್ಕೆ ಮಡಚುತ್ತಾ ಎಳೆಯಿರಿ. ನೇರ ತನ್ನ ಕಡೆಗೆ ಎಳೆದುಕೊಂಡರೆ ಬಣ್ಣ ಚಕ್ಕೆ ಏಳುತ್ತದೆ. ಉಳಿದ ಅಂಟನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಉಂಡೆ ಕಟ್ಟಿ ಉದುರುತ್ತದೆ.

ರೇಷ್ಮೆ ಸೀರೆಗೆ ಅಂಟು ಹತ್ತಿದರೆ ಮನೆಯಲ್ಲಿ ಏನನ್ನೂ ಹಚ್ಚಬೇಡಿ. ಎಣ್ಣೆ ಕಲೆ ಅಂಟಿಗಿಂತ ಕಷ್ಟ, ಸ್ಪಿರಿಟ್ಟಿಗೆ ಬಣ್ಣ ಬಿಡಬಹುದು. ಅಂಟು ಹತ್ತಿದ ಕಡೆ ಮಡಿಕೆ ಬೀಳದ ಹಾಗೆ, ನಡುವೆ ಒಂದು ಬೆಣ್ಣೆ ಕಾಗದ ಇಟ್ಟು ಡ್ರೈಕ್ಲೀನಿಂಗ್‌ಗೆ ಕೊಂಡೊಯ್ಯಿರಿ. ಸುಮ್ನೆ ಕೊಟ್ಟು ಬರಬೇಡಿ. ಇದು ಟೇಪಿನ ಅಂಟು, ಇಂಥ ಕಡೆ ಇದೆ, ಮನೆಯಲ್ಲಿ ಏನೂ ಹಚ್ಚಿಲ್ಲ ಅಂತ ಬಾಯಿಬಿಟ್ಟು ಹೇಳಿ ಕೊಡಿ.