ಕೌದಿಯ ಬೆನ್ನು ನೋಡಿದ ಮೇಲೆ

ಧಾರವಾಡದಲ್ಲಿ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವವರಿಗೆ ಬಟ್ಟೆಯ ಬರವಿಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎಂಬ ಕುಪ್ಪಸದ ಬಟ್ಟೆ, ಹಳೆಯ ಧೋತರ, ಯಾರದೋ ಮನೆಯ ಬಾಗಿಲ ಪರದೆ, ಎಲ್ಲ ಗಂಟುಗಟ್ಟಲೆ ಬರುತ್ತವೆ. ನನಗೆ ಬರ ಬಂದದ್ದು ಕಲ್ಪನೆಗೆ. ಚೌಕದ ಪಕ್ಕ ಚೌಕ, ನಡುವೆ ಒಂದು ನಕ್ಷತ್ರ, ಸುತ್ತ ಅಂಚು. ಗಿರಾಕಿಗಳು ಮೆಚ್ಚಿಕೊಂಡೇ ಒಯ್ಯುತ್ತಿದ್ದರು, ನನಗೆ ಮಾತ್ರ ಸೂಜಿ ಹಿಡಿದರೆ ಆಕಳಿಕೆ. ಮೊಬೈಲ್‌ನಲ್ಲಿ ಪರದೇಶದ ಕ್ವಿಲ್ಟ್‌ಗಳನ್ನು ನೋಡಿದರೆ ಹುರುಪು ಬರುತ್ತದೆ ಎಂದರು. ಬಂದದ್ದು ಹೊಟ್ಟೆಕಿಚ್ಚು.

ದಾರಿ ತೆರೆದದ್ದು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು. ನಾನು ತುಂಡುಗಳನ್ನೆಲ್ಲ ಜೋಡಿಸಿ ಮೇಲ್ಪದರ ಸಿದ್ಧಪಡಿಸಿದ ಮೇಲೆಯೇ ಪದರಗಳನ್ನು ಕೂಡಿಸುವ ಒತ್ತು ಹೊಲಿಗೆಗೆ ಇಳಿಯುತ್ತಿದ್ದೆ. ಅವರಲ್ಲಿ ಹಾಗಿಲ್ಲ. ಕೆಳಗೆ ಸೀರೆ ಹಾಸಿ, ಮೂಲೆಯೊಂದರಿಂದ ಹೊರಟು, ಅಂಚಿನ ಗುಂಟ ತುಂಡು ಇಡುತ್ತ, ಅದರ ಬದಿ ಮಡಚುತ್ತ, ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಟ್ಟುತ್ತಾರೆ. ಮುಂಚೆ ಬರೆದ ನಕ್ಷೆ ಇರುವುದಿಲ್ಲ. ಮುಂದಿನ ತುಂಡು ಯಾವುದು ಎನ್ನುವುದನ್ನು ಈಗಷ್ಟೇ ಕೂತ ತುಂಡು ಹೇಳಬೇಕು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನದ ಹೂವು ಬೀಳದೆ ಅವರ ಕೌದಿ ಮುಗಿಯುವುದಿಲ್ಲ. ಆ ಹೂವನ್ನು ನಾನು ಎತ್ತಿಕೊಳ್ಳಲಿಲ್ಲ, ಅದು ಅವರ ಗುರುತು. ಹೊಲಿಯುವ ಕ್ರಮವನ್ನಷ್ಟೇ ಕಲಿತೆ. ನಕ್ಷೆಯ ಹಂಗು ಕಳೆದ ದಿನವೇ ಆಕಳಿಕೆಯೂ ಹೋಯಿತು.

ಅದರಿಂದ ಇನ್ನೊಂದು ಚಟ ಹತ್ತಿತು. ಹೊಲಿಯುತ್ತಿರುವಾಗಲೇ ಕೌದಿಯನ್ನು ತಿರುವಿ ಹಾಕಿ ನೋಡುವುದು. ಹಿಂಬದಿಯಲ್ಲಿ ತೇಪೆಯಿಲ್ಲ, ಬಣ್ಣದ ಗದ್ದಲವಿಲ್ಲ. ಒಂದೇ ಸೀರೆ, ಅದರ ಮೇಲೆ ನೇಗಿಲ ಸಾಲಿನಂತೆ ಓಡುವ ದಾರ. ಇಷ್ಟು ವರ್ಷ ದಾರವನ್ನು ಪದರ ಹಿಡಿದಿಡುವ ಆಳು ಎಂದೇ ದುಡಿಸಿಕೊಂಡಿದ್ದೆ, ಚಿತ್ರ ಬರೆಯುವ ಕೈ ಅದರದೇ ಎಂದು ಬೆನ್ನು ನೋಡಿದ ಮೇಲೆ ಹೊಳೆಯಿತು. ಈಗ ಕೆಲವು ಕೌದಿಗಳಿಗೆ ಸೀಮೆಸುಣ್ಣದಿಂದ ಬೆನ್ನಿನ ಮೇಲೆಯೇ ಗೆರೆ ಎಳೆದು, ಆ ಬದಿಯಿಂದಲೇ ಹೊಲಿಯುತ್ತೇನೆ. ಮುಂಬದಿಯ ತುಂಡುಗಳ ಮೇಲೆ ಆ ಗೆರೆ ಎಲ್ಲಿ ಹಾಯುತ್ತದೆಯೋ ಹಾಯಲಿ.

ಗೆರೆಗಳಿಗೆ ಮೂಲ ಬೇಕೆಂದಾಗ ನಮ್ಮ ಕಸೂತಿಯೇ ಕೈಗೆ ಸಿಕ್ಕಿತು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಮೊದಲೆರಡು ಒಳಗೂ ಹೊರಗೂ ಒಂದೇ ರೀತಿ ಕಾಣುತ್ತವೆ, ಕೌದಿಗೆ ಹೇಳಿಮಾಡಿಸಿದ ಗುಣ. ಆದರೆ ಕಸೂತಿಯ ಗೋಪುರ, ತೇರಿನ ಚಿತ್ರಗಳನ್ನು ಇದ್ದಂತೆ ಇಳಿಸಿದರೆ ಅದು ಕೌದಿಯ ಮೇಲೆ ಕೂರಿಸಿದ ಕಸೂತಿ ಆಗುತ್ತದೆ, ಅಷ್ಟೇ. ಮುರ್ಗಿಯ ಮೆಟ್ಟಿಲಿನಂಥ ಗೆರೆಯನ್ನು ಮಾತ್ರ ಬಿಡಿಸಿಕೊಂಡು ದಪ್ಪ ನೂಲಿನಲ್ಲಿ ಅಂಗೈ ಅಗಲಕ್ಕೆ ಹಿಗ್ಗಿಸಿದೆ. ಕಸೂತಿ ಬಲ್ಲವರು ಮೂಗು ಮುರಿದರು. ಮುರಿಯಲಿ.

ಬಣ್ಣದ ವಿಷಯದಲ್ಲಿ ನಾನೇ ಹಾಕಿಕೊಂಡ ಕಟ್ಟುಪಾಡು ಒಂದಿದೆ. ಒಂದು ಕೌದಿಗೆ ಒಂದೇ ಮನೆಯ ಗಂಟು, ಅಂಗಡಿಯ ಬಟ್ಟೆ ಸೇರಿಸುವಂತಿಲ್ಲ. ಕೆಂಪು ಸಾಲದೆ ಬಂದಾಗ ಇಳಕಲ್ ಸೆರಗಿನ ಗೇಣುದ್ದವನ್ನು ಎಲ್ಲೆಲ್ಲಿ ಹಂಚಬೇಕೆಂದು ಕೂತು ಯೋಚಿಸುವ ಹೊತ್ತಿಗೆ, ಯಾವ ಚಿತ್ರವೂ ಕೊಡದ ಜೋಡಣೆ ಹೊಳೆದುಬಿಡುತ್ತದೆ. ಹರಡಿದ ತುಂಡುಗಳ ಫೋಟೊವನ್ನು ಮೊಬೈಲ್‌ನಲ್ಲಿ ಕಪ್ಪು ಬಿಳುಪು ಮಾಡಿ ನೋಡುತ್ತೇನೆ. ಬಣ್ಣ ಬೇರೆಯಾಗಿದ್ದರೂ ಗಾಢತೆ ಒಂದೇ ಆಗಿದ್ದರೆ ಎಲ್ಲ ಕಲಸಿಹೋಗಿ ಬೂದಿಯಾಗಿ ಕಾಣುತ್ತವೆ. ಆಗ ಒಂದೆರಡು ಬಿಳಿ ಧೋತರದ ಚೂರು ಸಾಕು.

ಸದ್ಯ ಖಣದ ಹಿಂದೆ ಬಿದ್ದಿದ್ದೇನೆ. ಹಾಸು, ಅಂದರೆ ಉದ್ದದ ನೂಲು ಒಂದು ಬಣ್ಣ, ಹೊಕ್ಕು, ಅಂದರೆ ಅಡ್ಡ ನೂಲು ಇನ್ನೊಂದು ಬಣ್ಣ ಇರುವ ಖಣವನ್ನು ಕತ್ತರಿಸಿ, ಒಂದು ತುಂಡನ್ನು ಉದ್ದಕ್ಕೆ, ಪಕ್ಕದ್ದನ್ನು ಅಡ್ಡಕ್ಕೆ ಇಟ್ಟರೆ ಬೆಳಕಿಗೆ ಎರಡೂ ಬೇರೆ ಬೇರೆ ಬಟ್ಟೆಯಂತೆ ಹೊಳೆಯುತ್ತವೆ. ಇಡೀ ಕೌದಿಯನ್ನು ಒಂದೇ ಖಣದಲ್ಲಿ, ತಿರುಗಿಸಿ ತಿರುಗಿಸಿ, ಮುಗಿಸಬೇಕೆಂದಿದೆ. ಖಣದ ಪನ್ನ, ಅಂದರೆ ಅಗಲ, ಕಿರಿದು, ದಡಿ ಬಿರುಸು. ಸೂಜಿ ಒತ್ತಲು ಬೆರಳ ತುದಿಗೆ ತೊಡುವ ಅಂಗುಸ್ತಾನ ಇಲ್ಲದೆ ಸೂಜಿ ಮುಂದೆ ಸರಿಯುವುದೇ ಇಲ್ಲ.